ನಮ್ಮ ಅಣ್ಣನ ಶುಗರ್ ಎಷ್ಟಿರಬೇಕು, ಡಾಕ್ಟ್ರೇ?

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಸಕ್ಕರೆ ಕಾಯಿಲೆಗೆ ಮದ್ದು ಕೊಡುವ ಎಲ್ಲ ಡಾಕ್ಟರರಿಗೆ,

ಗೌರವದ ನಮಸ್ಕಾರಗಳು.

ನಾನು ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಊರು ಕುಂದಾಪುರದ ಹತ್ತಿರ, ಮದುವೆಯಾದ ಮೇಲೆ ಡೊಂಬಿವಲಿಯೇ ಊರು. ನಮ್ಮ ಮನೆಯಲ್ಲಿ ಈಗ ಇಬ್ಬರಿಗೆ ಶುಗರ್ ಇದೆ, ಒಬ್ಬರು ನನ್ನ ಅಣ್ಣ, ಇನ್ನೊಬ್ಬರು ನನ್ನ ಅತ್ತೆ. ಈ ಇಬ್ಬರಿಗೂ ಒಂದೇ ವರ್ಷದಲ್ಲಿ ಆದದ್ದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಯಾವ ಡಾಕ್ಟರರ ಹೆಸರನ್ನೂ ನಾನು ಹೇಳುವುದಿಲ್ಲ. ಯಾಕೆಂದರೆ ಇದು ಒಬ್ಬರ ತಪ್ಪು ಅಂತ ನನಗೆ ಅನಿಸಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತಿದೆ.

ಅಣ್ಣನದ್ದು ಮೊದಲು ಹೇಳುತ್ತೇನೆ. ಅವನು 14ನೇ ವಯಸ್ಸಿಗೆ ಊರು ಬಿಟ್ಟು ಬಂದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದ. ಈಗ ಅದೇ ಸಾಲಿನ ಇನ್ನೊಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಾನೆ. ಶುಗರ್ ಬಂದು 12 ವರ್ಷ ಆಯಿತು. ಒಂದು ದಿನವೂ ಮಾತ್ರೆ ತಪ್ಪಿಸಿದವನಲ್ಲ. ಊರಿಗೆ ಹೋಗುವಾಗ ಬಟ್ಟೆಗಿಂತ ಮೊದಲು ಮಾತ್ರೆಯ ಡಬ್ಬಿ ಚೀಲಕ್ಕೆ ಹಾಕುವ ಮನುಷ್ಯ. ಕಳೆದ ಮಳೆಗಾಲದಲ್ಲಿ ಅವನ ಚಪ್ಪಲಿಯ ಅಡಿಗೆ ಒಂದು ಮೊಳೆ ಹೊಕ್ಕಿತ್ತು. ಅದು ಕಾಲಿಗೆ ಚುಚ್ಚುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ನೋವೇ ಇರಲಿಲ್ಲ. ನಾಲ್ಕು ದಿನ ಅದೇ ಚಪ್ಪಲಿಯಲ್ಲಿ ಸ್ಟೇಷನ್ ನೀರು ದಾಟಿ ಕೆಲಸಕ್ಕೆ ಹೋಗಿದ್ದಾನೆ. ಐದನೇ ದಿನ ಅತ್ತಿಗೆ ನೆಲದ ಮೇಲೆ ಕಲೆ ನೋಡಿ ಹೌಹಾರಿದಳು. ಕೊನೆಗೆ ಬಲಗಾಲಿನ ಒಂದು ಬೆರಳು ತೆಗೆಯಬೇಕಾಯಿತು.

ಆಸ್ಪತ್ರೆಯಲ್ಲಿ ಅವನ ಹಳೇ ಕಾಗದಗಳ ಪ್ಲಾಸ್ಟಿಕ್ ಚೀಲ ನನ್ನ ಕೈಗೆ ಬಂತು. ಬ್ಯಾಂಕಿನ ಅಭ್ಯಾಸ, ಸುಮ್ನೆ ಕೂರಲಾಗಲಿಲ್ಲ, ರಾತ್ರಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದೆ. ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯ ಶುಗರ್ ಇತ್ತು. 124, 131, 128, ಹೀಗೆ. ನೋಡಿದರೆ ಪರವಾಗಿಲ್ಲ ಅನಿಸುವಂಥದ್ದು. ಆದರೆ ಎಚ್‌ಬಿಎ1ಸಿ ಅನ್ನುವ ಪರೀಕ್ಷೆ 12 ವರ್ಷದಲ್ಲಿ ನಾಲ್ಕೇ ಸಲ ಆಗಿತ್ತು. 8.6, 9.1, 9.4, 9.8. ನಾಲ್ಕರ ಪಕ್ಕದಲ್ಲೂ ಲ್ಯಾಬಿನವರು ಜಾಸ್ತಿ ಇದೆ ಅಂತ ಗುರುತು ಹಾಕಿದ್ದರು. ಡಾಕ್ಟರರ ಚೀಟಿಯಲ್ಲಿ ಮಾತ್ರೆಯ ಹೆಸರು, ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ತಿಂಗಳು ಬಿಟ್ಟು ಬನ್ನಿ. ಅಷ್ಟೇ. ಇವನ ಶುಗರ್ ಎಷ್ಟಕ್ಕೆ ಇಳಿಯಬೇಕು ಅನ್ನುವ ಒಂದು ಅಂಕಿ ಆ ಇಡೀ ಚೀಲದಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಅಣ್ಣನನ್ನೇ ಕೇಳಿದೆ. "ಅಣ್ಣ, ನಿನಗೆ ಶುಗರ್ ಎಷ್ಟಿರಬೇಕು ಅಂತ ಡಾಕ್ಟ್ರು ಹೇಳಿದ್ದಾರೆ?"

"ಕಂಟ್ರೋಲಲ್ಲಿ ಇರ್ಬೇಕು ಅಂದಿದ್ದಾರೆ."

"ಕಂಟ್ರೋಲ್ ಅಂದ್ರೆ ಎಷ್ಟು?"

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹೋದ ಸಲಕ್ಕಿಂತ ಜಾಸ್ತಿ ಆಗ್ಬಾರ್ದು."

ಡಾಕ್ಟ್ರೇ, ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಮನೆ ಸಾಲ ತೆಗೆದುಕೊಂಡವನಿಗೆ ಕಂತು ಎಷ್ಟು, ಎಷ್ಟು ವರ್ಷ, ಕೊನೆಯ ಕಂತು ಯಾವಾಗ ಅಂತ ಹೇಳದೆ ನಾನು ಒಂದು ದಿನವೂ ಸಹಿ ಹಾಕಿಸಿದವಳಲ್ಲ. ಹಾಕಿಸಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಇಲ್ಲಿ ಒಬ್ಬ ಮನುಷ್ಯ 12 ವರ್ಷ ದುಡ್ಡು ಕೊಟ್ಟು, ನಿಯಮ ಪಾಲಿಸಿ, ಎಲ್ಲಿಗೆ ತಲುಪಬೇಕು ಅಂತ ತಿಳಿಯದೆಯೇ ನಡೆದಿದ್ದಾನೆ.

ಇನ್ನೊಂದು ವಿಷಯ ಅತ್ತಿಗೆಯಿಂದ ಗೊತ್ತಾಯಿತು. ಟೆಸ್ಟಿಗೆ ಎರಡು ದಿನ ಇರುವಾಗ ಅಣ್ಣ ಅನ್ನ ಬಿಡುತ್ತಿದ್ದ. ಚಾಕ್ಕೆ ಸಕ್ಕರೆ ಇಲ್ಲ, ರಾತ್ರಿ ಬರೀ ಮೆಂತೆ ನೀರು. ರಿಪೋರ್ಟ್ ಬಂದ ಮೇಲೆ ಮತ್ತೆ ಮಾಮೂಲಿ. ಯಾರಿಗೂ ಮೋಸ ಮಾಡಬೇಕು ಅಂತಲ್ಲ. ಶಾಲೆಯ ಪರೀಕ್ಷೆಯ ಹಾಗೆ, ಆ ದಿನ ಪಾಸಾದರೆ ಸಾಕು ಅಂತ ಅವನು ತಿಳಿದಿದ್ದ. ಡಾಕ್ಟರ್ ಬೈಯಬಾರದು, ಮಾತ್ರೆ ಜಾಸ್ತಿ ಆಗಬಾರದು, ಅದೇ ಅವನ ಗುರಿ. ಬೇರೆ ಗುರಿ ಯಾರೂ ಕೊಟ್ಟಿರಲಿಲ್ಲ ಅಲ್ವಾ?

ಎಚ್‌ಬಿಎ1ಸಿ ಅಂದರೆ ಏನು ಅಂತ ನಾನೂ ಆಗಲೇ ಕಲಿತದ್ದು. ರಕ್ತದಲ್ಲಿ ಓಡಾಡುವ ಸಕ್ಕರೆ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಎರಡು ದಿನ ಅನ್ನ ಬಿಟ್ಟರೆ ಅದು ಇಳಿಯುವುದಿಲ್ಲ. 7 ಅಂದರೆ ಸರಾಸರಿ ಸುಮಾರು 154, 9 ಅಂದರೆ ಸುಮಾರು 212. ಅಣ್ಣನಿಗೆ ಇದನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. ಅವನು ಹೋಟೆಲ್ ಲೆಕ್ಕದ ಮನುಷ್ಯ, ಒಂದೇ ಸಲಕ್ಕೆ ಅರ್ಥ ಆಯಿತು. "ಹಾಗಾದ್ರೆ ಒಂದು ದಿನದ ಗಲ್ಲಾ ನೋಡಿ ತಿಂಗಳ ವ್ಯಾಪಾರ ಹೇಳ್ಲಿಕ್ಕಾಗುದಿಲ್ಲ" ಅಂದ. ಅವನಿಗೆ ಅರ್ಥ ಆಗುವುದಿಲ್ಲ ಅಂತ 12 ವರ್ಷ ಯಾರೂ ಹೇಳದೆ ಇದ್ದರೋ ಏನೋ. ಐದು ನಿಮಿಷ ಸಾಕಾಯಿತು.

ನಿಮಗೆ ಗೊತ್ತಿರುವುದನ್ನು ನಿಮಗೇ ಹೇಳುತ್ತಿದ್ದೇನೆ, ಕ್ಷಮಿಸಿ. ಆದರೆ ಈ ಅಂಕಿಗೆ ಎಷ್ಟು ಬೆಲೆ ಇದೆ ಅಂತ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬ್ರಿಟನ್ನಿನ ಯುಕೆಪಿಡಿಎಸ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲೇ ಬಂದಿದೆ. ಹೊಸದಾಗಿ ಶುಗರ್ ಬಂದ 5,000ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಂಡು ಮಾಡಿದ್ದು. ಬಿಗಿಯಾಗಿ ಚಿಕಿತ್ಸೆ ಕೊಟ್ಟವರಲ್ಲಿ ಹತ್ತು ವರ್ಷದ ಎಚ್‌ಬಿಎ1ಸಿ 7.0, ಮಾಮೂಲಿ ಚಿಕಿತ್ಸೆಯವರಲ್ಲಿ 7.9. ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಅಷ್ಟಕ್ಕೇ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ತೊಂದರೆ ಶೇಕಡಾ 25 ಕಡಿಮೆ ಆಯಿತು. ನಮ್ಮ ಅಣ್ಣನದ್ದು 9.8 ಇತ್ತು. ಅದನ್ನು ನೋಡಿದವರಿಗೆ ಅದರ ಅರ್ಥ ಗೊತ್ತಿತ್ತು. ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಇನ್ನು ಅತ್ತೆಯದ್ದು. ಇದು ಪೂರ್ತಿ ಉಲ್ಟಾ ಕಥೆ.

ಅತ್ತೆಗೆ 83 ವರ್ಷ. ನಮ್ಮ ಜೊತೆಯೇ ಇದ್ದಾರೆ. ಹೃದಯದ ತೊಂದರೆಯೂ ಇದೆ. ಅಣ್ಣನಿಗೆ ಹೀಗಾದ ಮೇಲೆ ನಾನು ಹೆದರಿದೆ. ಅತ್ತೆಯ ರಿಪೋರ್ಟ್ ತೆಗೆದು ನೋಡಿದೆ, 7.4 ಇತ್ತು. ಪಕ್ಕದಲ್ಲಿ ಲ್ಯಾಬಿನವರು 5.7ಕ್ಕಿಂತ ಕೆಳಗೆ ಇದ್ದರೆ ನಾರ್ಮಲ್ ಅಂತ ಅಚ್ಚು ಹಾಕಿದ್ದರು. ನನಗೆ ಕಂಡ ಅಂಕಿ ಅದೊಂದೇ. ಅದನ್ನೇ ಗುರಿ ಅಂದುಕೊಂಡೆ. ಕುಚ್ಚಲಕ್ಕಿ ಗಂಜಿ ಕಡಿಮೆ ಮಾಡಿದೆ, ರಾತ್ರಿ ಒಂದೇ ಚಪಾತಿ, ಹಣ್ಣು ಬಂದ್. ಮಾತ್ರೆ ಅಷ್ಟೇ ಮುಂದುವರಿಯಿತು. ಮೂರು ತಿಂಗಳಿಗೆ 6.2 ಬಂತು. ದವಾಖಾನೆಯಲ್ಲಿ ತೋರಿಸಿದರೆ "ವೆರಿ ಗುಡ್" ಅಂದರು, ನಾನೂ ಖುಷಿಯಲ್ಲಿ ಮನೆಗೆ ಬಂದೆ. ಹದಿನೈದು ದಿನ ಕಳೆದಿರಬೇಕು, ಬೆಳಗಿನ ಜಾವ ಬಚ್ಚಲುಮನೆಯಲ್ಲಿ ದೊಪ್ಪನೆ ಶಬ್ದ. ಅತ್ತೆ ಬೆವರಿನಲ್ಲಿ ನೆನೆದು ಬಿದ್ದಿದ್ದರು, ನನ್ನ ಹೆಸರು ಕೂಡ ನೆನಪಿಲ್ಲ. ಮೀಟರಿನಲ್ಲಿ ನೋಡಿದರೆ ಶುಗರ್ 48.

ಅವರ ಸೊಂಟ ಮುರಿಯಲಿಲ್ಲ, ದೇವರು ದೊಡ್ಡವನು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು, "ಇವರ ವಯಸ್ಸಿಗೆ 8ರ ಆಸುಪಾಸು ಇದ್ದರೆ ಸಾಕು. ಇವರಿಗೆ ಜಾಸ್ತಿಗಿಂತ ಕಡಿಮೆ ಆಗುವುದೇ ಅಪಾಯ. ಲ್ಯಾಬಿನ ನಾರ್ಮಲ್ ಬೇರೆ, ಇವರ ಗುರಿ ಬೇರೆ." ಎರಡು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದರು. ನಾನು ಅಲ್ಲೇ ಅತ್ತುಬಿಟ್ಟೆ. ಪ್ರೀತಿಯಿಂದ ಮಾಡಿದ್ದೇ ಅವರನ್ನು ಕೆಡವಿತ್ತು.

ಇದೂ ನಿಮಗೆ ಹೊಸದಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 10,000ಕ್ಕೂ ಜಾಸ್ತಿ ಜನರ ಮೇಲೆ ಅಕಾರ್ಡ್ ಅನ್ನುವ ಅಧ್ಯಯನ ನಡೆಯಿತು. ಎಲ್ಲರೂ ಹೃದಯದ ಅಪಾಯ ಜಾಸ್ತಿ ಇದ್ದವರು. ಒಂದು ಗುಂಪಿಗೆ 6ಕ್ಕಿಂತ ಕೆಳಗೆ ಇಳಿಸುವ ಗುರಿ ಇಟ್ಟರು. ಆ ಗುಂಪಿನಲ್ಲೇ ಸಾವು ಜಾಸ್ತಿ ಆಗಿ, 2008ರಲ್ಲಿ ಆ ಚಿಕಿತ್ಸೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಅದಕ್ಕೇ ಈಗ ಎಲ್ಲರಿಗೂ ಒಂದೇ ಅಂಕಿ ಅಂತ ಇಲ್ಲ. ಹೆಚ್ಚಿನ ವಯಸ್ಕರಿಗೆ 7ಕ್ಕಿಂತ ಕೆಳಗೆ, ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಸ್ವಲ್ಪ ಸಡಿಲ. ನಿಮ್ಮ ಪುಸ್ತಕದಲ್ಲಿ ಇದೆಲ್ಲ ಇದೆ. ಅದು ನಮ್ಮ ಚೀಟಿಗೆ ಯಾಕೆ ಇಳಿಯುವುದಿಲ್ಲ?

ಅಣ್ಣನಿಗೆ ಗುರಿ ಗೊತ್ತಿಲ್ಲದೆ ಶುಗರ್ ಮೇಲೆಯೇ ಉಳಿಯಿತು. ಅತ್ತೆಗೆ ನಾನೇ ತಪ್ಪು ಗುರಿ ಇಟ್ಟುಕೊಂಡು ಕೆಳಗೆ ತಳ್ಳಿದೆ. ಇಬ್ಬರ ಚೀಟಿಯಲ್ಲೂ ಬಿಟ್ಟುಹೋದದ್ದು ಒಂದೇ ಒಂದು ಸಾಲು.

ನಮ್ಮ ಕಡೆಯ ಕನ್ನಡ ಸಂಘದಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತೇವೆ. ಹೆಸರು ಬರೆಯುವ ಟೇಬಲ್ ನನ್ನದು. ಈ ಸಲ ಶುಗರ್ ಇದೆ ಅಂದ ಪ್ರತಿಯೊಬ್ಬರನ್ನೂ ನಾನು ಅದೇ ಪ್ರಶ್ನೆ ಕೇಳಿದೆ. ನಿಮಗೆ ಎಷ್ಟಿರಬೇಕು ಅಂತ ಹೇಳಿದ್ದಾರೆ? ಸರಿಯಾದ ಉತ್ತರ ಕೊಟ್ಟವರು ತೀರಾ ಕಮ್ಮಿ. ಒಬ್ಬರು ರಿಕ್ಷಾ ಓಡಿಸುವವರು, ಕಲಬುರಗಿ ಕಡೆಯವರು, "140 ಒಳಗ ಇರ್ಬೇಕ್ರಿ" ಅಂದರು. ಖಾಲಿ ಹೊಟ್ಟೆಗೋ ಊಟ ಆದ ಮೇಲೋ ಅಂತ ಕೇಳಿದರೆ "ಅದನ್ನೇನೂ ಹೇಳಿಲ್ಲ ನೋಡ್ರಿ" ಅಂದರು. ಇನ್ನೊಬ್ಬರು ಮೇಷ್ಟ್ರು, ನಾಲ್ಕು ಮಾತ್ರೆಯ ಹೆಸರು, ಮಿಲಿಗ್ರಾಂ ಸಮೇತ ಬಾಯಿಪಾಠ ಹೇಳಿದರು, ಆದರೆ ಗುರಿ ಎಷ್ಟು ಅಂದಾಗ ಸುಮ್ಮನಾದರು. ಒಬ್ಬ ಹೆಂಗಸು "ಹಾಗಲಕಾಯಿ ಜ್ಯೂಸ್ ಕುಡೀತೇನಲ್ಲ" ಅಂದಳು. ಬಿ.ಪಿ. ಮತ್ತು ಕೊಲೆಸ್ಟ್ರಾಲ್‌ಗೂ ಶುಗರಿನವರಿಗೆ ಬೇರೆ ಗುರಿ ಇರುತ್ತದೆ ಅಂತ ಹೇಳಿದರೆ, ಓದಿದವರೂ ಆಶ್ಚರ್ಯದಿಂದ ನನ್ನ ಮುಖ ನೋಡಿದರು. ಹೆಚ್ಚಿನವರಿಗೆ ಬಿ.ಪಿ. 130/80ರ ಒಳಗೆ ಬೇಕು, ಕೆಟ್ಟ ಕೊಲೆಸ್ಟ್ರಾಲ್ ಹಲವರಿಗೆ 70ರ ಒಳಗೆ. ಶುಗರ್ ಇದ್ದವರಿಗೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ತಪ್ಪಬೇಕಾದರೆ ಇವೆರಡೂ ಅಷ್ಟೇ ಮುಖ್ಯ ಅಂತ ಅವರಿಗೆ ಯಾರು ಹೇಳಬೇಕು? ಶಿಬಿರದಲ್ಲಿ ಹೆಸರು ಬರೆಯುವ ನಾನೇ?

2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರ ಕಾಯಿಲೆಯನ್ನು ದಿನಾ ನೋಡಿಕೊಳ್ಳುವವರು ನೀವಲ್ಲ, ಅವರೇ. ನಿಮ್ಮ ಎದುರು ಅವರು ಕೂರುವುದು ಮೂರು ತಿಂಗಳಿಗೆ ಹತ್ತು ನಿಮಿಷ. ಉಳಿದದ್ದೆಲ್ಲ ಅವರ ಅಡುಗೆಮನೆಯಲ್ಲಿ, ಲೋಕಲ್ ಟ್ರೈನಿನಲ್ಲಿ, ಹೋಟೆಲಿನ ಹಿಂಬದಿಯಲ್ಲಿ ನಡೆಯುತ್ತದೆ.

ಹೋಟೆಲ್ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಅಣ್ಣನ ಚೀಟಿಯಲ್ಲಿ ಗ್ಲಿಮೆಪಿರೈಡ್ ಅನ್ನುವ ಶುಗರ್ ಇಳಿಸುವ ಮಾತ್ರೆ ಇತ್ತು, ಬೆಳಿಗ್ಗೆ ತಿಂಡಿಗೆ ಮೊದಲು ಅಂತ. ಹೋಟೆಲಿನವನ ಬೆಳಿಗ್ಗೆ ಅಂದರೆ ಐದು ಗಂಟೆ. ಮಾತ್ರೆ ನುಂಗಿ, ಒಂದು ಲೋಟ ಚಾ ಕುಡಿದು ಶಟರ್ ಎತ್ತುತ್ತಾನೆ. ಗಿರಾಕಿಗಳ ತಿಂಡಿ ಮುಗಿದು ಅವನಿಗೆ ತಟ್ಟೆ ಸಿಗುವುದು ಹತ್ತೂವರೆಗೆ. ಒಂಬತ್ತರ ಹೊತ್ತಿಗೆ ಕೈ ನಡುಗುತ್ತಿತ್ತಂತೆ, ಕಣ್ಣು ಮಂಜಾಗುತ್ತಿತ್ತಂತೆ. ಆಗ ಅವನು ಎದುರಿಗಿದ್ದ ಬರಣಿಯಿಂದ ಎರಡು ಲಾಡು ತಿನ್ನುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ, ಡಾಕ್ಟರಿಗೆ ಗೊತ್ತಾದರೆ ಬೈಯುತ್ತಾರೆ ಅಂತ. ಶುಗರ್ 70ಕ್ಕಿಂತ ಕಡಿಮೆಯಾದರೆ ಅದಕ್ಕೂ ಹೈಪೋಗ್ಲೈಸೀಮಿಯಾ ಅಂತ ಒಂದು ಹೆಸರಿದೆ, ಆಗ 15 ಗ್ರಾಂನಷ್ಟು ಸಕ್ಕರೆ ತಿಂದು 15 ನಿಮಿಷ ಕಾದು ಮತ್ತೆ ನೋಡಬೇಕು, ಪದೇ ಪದೇ ಆದರೆ ಮಾತ್ರೆಯನ್ನೇ ಬದಲಾಯಿಸಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನಾಲಿಗೆ ಚಪಲದವನು ಅಂತ ಮನೆಯಲ್ಲಿ ನಾವೂ ಅವನನ್ನು ಬೈದಿದ್ದೇವೆ. ನೀವು ಒಂದು ಸಲ "ಎಷ್ಟು ಗಂಟೆಗೆ ತಿಂಡಿ ತಿನ್ನುತ್ತೀರಿ" ಅಂತ ಕೇಳಿದ್ದರೆ ಇದೆಲ್ಲ ಹೊರಗೆ ಬರುತ್ತಿತ್ತು.

ನಿಮ್ಮ ಕಷ್ಟ ನನಗೆ ಕಾಣುವುದಿಲ್ಲ ಅಂತಲ್ಲ. ಸಂಜೆ ಏಳಕ್ಕೆ ಬಂದರೆ ಬೆಂಚು ತುಂಬಿ ಮೆಟ್ಟಿಲ ಮೇಲೂ ಜನ ಇರುತ್ತಾರೆ. ಮರಾಠಿ, ಹಿಂದಿ, ಗುಜರಾತಿ, ಕನ್ನಡ, ತುಳು, ಒಬ್ಬೊಬ್ಬರದ್ದು ಒಂದೊಂದು ಭಾಷೆ. ನೀವು ಹಿಂದಿಯಲ್ಲಿ ಹೇಳುತ್ತೀರಿ, ಅಣ್ಣ ಹೋಟೆಲ್ ಹಿಂದಿಯಲ್ಲಿ "ಠೀಕ್ ಹೈ ಸಾಬ್" ಅಂತ ತಲೆ ಆಡಿಸುತ್ತಾನೆ. ಅವನಿಗೆ ಅರ್ಥ ಆಯಿತು ಅಂತ ನೀವು ತಿಳಿಯುತ್ತೀರಿ. ಅವನು ತಲೆ ಆಡಿಸಿದ್ದು ನಿಮಗೆ ಕೊಟ್ಟ ಮರ್ಯಾದೆ, ಅರ್ಥ ಆಗಿದ್ದಕ್ಕಲ್ಲ. ಆದರೆ ಡಾಕ್ಟ್ರೇ, ಅಂಕಿಗೆ ಭಾಷೆ ಬೇಡವಲ್ಲ. 7 ಅಂತ ಬರೆದರೆ ಡೊಂಬಿವಲಿಯಲ್ಲೂ ಏಳೇ, ಕುಂದಾಪುರದಲ್ಲೂ ಏಳೇ.

ಹಾಗಾಗಿ ನನ್ನ ವಿನಂತಿ ಇಷ್ಟು. ಚೀಟಿಯ ಮೇಲ್ಗಡೆ, ಮಾತ್ರೆಯ ಹೆಸರಿಗಿಂತ ಮೊದಲು, ಈ ರೋಗಿಯ ಗುರಿ ಎಷ್ಟು ಅಂತ ಬರೆಯಿರಿ. ಎಚ್‌ಬಿಎ1ಸಿ ಎಷ್ಟು, ಖಾಲಿ ಹೊಟ್ಟೆಗೆ ಎಷ್ಟರಿಂದ ಎಷ್ಟು, ಊಟ ಆಗಿ ಎರಡು ಗಂಟೆಗೆ ಎಷ್ಟರ ಒಳಗೆ, ಬಿ.ಪಿ. ಎಷ್ಟು. ಮೇಲಿನ ಮಿತಿ ಮಾತ್ರ ಅಲ್ಲ, ಎಷ್ಟಕ್ಕಿಂತ ಕೆಳಗೆ ಹೋಗಬಾರದು ಅನ್ನುವುದನ್ನೂ ಬರೆಯಿರಿ. ಪಕ್ಕದಲ್ಲಿ ಈಗ ಎಷ್ಟಿದೆ ಅಂತ ಬರೆದರೆ ಎಷ್ಟು ದೂರ ಹೋಗಬೇಕು ಅಂತ ನಾವೇ ನೋಡಿಕೊಳ್ಳುತ್ತೇವೆ. ಬರೆದ ಮೇಲೆ ರೋಗಿಯ ಬಾಯಿಂದ ಒಂದು ಸಲ ಹೇಳಿಸಿ. "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. "ನಿಮ್ಮ ಮನೆಯವರು ಕೇಳಿದರೆ ಎಷ್ಟಿರಬೇಕು ಅಂತ ಹೇಳುತ್ತೀರಿ" ಅಂತ ಕೇಳಿ. ನಿಮಗೆ ಸಮಯ ಇಲ್ಲದಿದ್ದರೆ ನಿಮ್ಮ ಕಂಪೌಂಡರಿಗೆ ಹೇಳಿ, ಅವರೇ ಕೇಳಲಿ. ವಯಸ್ಸು ಏರಿದಂತೆ, ಹೊಸ ಕಾಯಿಲೆ ಬಂದಂತೆ ಆ ಗುರಿ ಬದಲಾಗುತ್ತದೆ ಅಂತಲೂ ಹೇಳಿ, ಇಲ್ಲದಿದ್ದರೆ ನನ್ನಂಥವರು 83ರ ಮುದುಕಿಗೆ 40ರವರ ಲೆಕ್ಕ ಹಿಡಿಯುತ್ತಾರೆ.

ಎಚ್‌ಬಿಎ1ಸಿಗೆ ಕೆಲವು ನೂರು ರೂಪಾಯಿ ಆಗುತ್ತದೆ, ಬಡವರಿಗೆ ಯಾಕೆ ಭಾರ ಅಂತ ನೀವು ಬರೆಯದೆ ಇರಬಹುದು. ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಗುರಿ ಮುಟ್ಟಿದವರಿಗೆ ವರ್ಷಕ್ಕೆ ಎರಡು ಸಲ, ಮುಟ್ಟದವರಿಗೆ ಮೂರು ತಿಂಗಳಿಗೊಮ್ಮೆ ಅಂತ ಹೇಳಿ, ಮಾಡಿಸುವುದು ಬಿಡುವುದು ನಮಗೆ ಬಿಡಿ. ಅಣ್ಣನ ಬೆರಳಿಗೆ ಆದ ಖರ್ಚಿನಲ್ಲಿ ಎಷ್ಟು ಟೆಸ್ಟ್ ಆಗುತ್ತಿತ್ತು ಅಂತ ನಾನು ಲೆಕ್ಕ ಹಾಕಿದ್ದೇನೆ, ಇಲ್ಲಿ ಬರೆಯಲು ಮನಸ್ಸಿಲ್ಲ.

ಮತ್ತೆ, ದಯವಿಟ್ಟು ಕಾಲು ನೋಡಿ. ವರ್ಷಕ್ಕೆ ಒಂದು ಸಲವಾದರೂ ಚಪ್ಪಲಿ ಬಿಚ್ಚಿಸಿ. ಒಂದು ನೈಲಾನ್ ದಾರ ಮುಟ್ಟಿಸಿ ಸ್ಪರ್ಶ ಇದೆಯಾ ಅಂತ ನೋಡುವ ಪರೀಕ್ಷೆ ಇದೆ, ಎರಡು ನಿಮಿಷದ್ದು. 12 ವರ್ಷದಲ್ಲಿ ಅಣ್ಣನ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಮೊದಲು ಮುಟ್ಟಿದವರು ಬೆರಳು ತೆಗೆದ ಸರ್ಜನ್.

ನಮ್ಮ ಕನ್ನಡ ಸಂಘಗಳವರಿಗೂ ಇಲ್ಲೇ ಒಂದು ಮಾತು. ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಅಂಕಿ ಬರೆದು ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಅಂತ ನಾನೂ ಇಷ್ಟು ವರ್ಷ ಅಂದುಕೊಂಡಿದ್ದೆ. ಮುಂದಿನ ಶಿಬಿರದಲ್ಲಿ ಅಂಗೈಯಗಲದ ಒಂದು ಕಾರ್ಡ್ ಕೊಡೋಣ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಗುರಿಯ ಜಾಗ ಖಾಲಿ ಬಿಡೋಣ. ಅದನ್ನು ನಾವು ತುಂಬುವುದು ಬೇಡ, ನಾನು ತುಂಬಿ ಏನಾಯಿತು ಅಂತ ಮೇಲೆ ಹೇಳಿದ್ದೇನೆ. ಅದನ್ನು ಅವರವರ ಡಾಕ್ಟರರ ಹತ್ತಿರ ತುಂಬಿಸಿಕೊಂಡು ಬರಲಿ.

ಅಂಥ ಒಂದು ಕಾರ್ಡ್ ನಾನು ರಟ್ಟಿನಲ್ಲಿ ಕತ್ತರಿಸಿ ಈಗಾಗಲೇ ಮಾಡಿದ್ದೇನೆ. ಅಣ್ಣ ಅದನ್ನು ಶರ್ಟಿನ ಜೇಬಿನಲ್ಲಿ ಟ್ರೈನ್ ಪಾಸಿನ ಜೊತೆ ಇಟ್ಟುಕೊಂಡಿದ್ದಾನೆ. ಮುಂದಿನ ಬುಧವಾರ ಅವನ ತಪಾಸಣೆ ಇದೆ, ನಾನೂ ಜೊತೆಗೆ ಬರುತ್ತೇನೆ. ಅವನು ಕಾರ್ಡನ್ನು ನಿಮ್ಮ ಮೇಜಿನ ಮೇಲೆ ಇಟ್ಟಾಗ ದಯವಿಟ್ಟು ಪೆನ್ನು ತೆಗೆದು ಬರೆದುಕೊಡಿ, ಮತ್ತು ಅವನ ಕೈಯಲ್ಲೇ ಓದಿಸಿ.

ಇತಿ ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ತಂಗಿ, ಒಬ್ಬ ಸೊಸೆ